‘ಔಷಧ ನಿರೋಧಕ ಕ್ಷಯ’: ಇಲ್ಲಿ ನಿರೋಧಿಸುವವರು ಯಾರು?

ಬಲ್ಲವರಲ್ಲಿ ಒಂದು ಪ್ರಶ್ನೆ. ಕ್ಷಯ ತೀರ ಕಡಿಮೆ ಇರುವ ದೇಶಗಳಲ್ಲಿ ಚಿಕಿತ್ಸೆ ಪಡೆಯುವ ಕನ್ನಡಿಗರಿಗಾಗಿ ಒಂದು ಕೈಪಿಡಿಯನ್ನು ಅನುವಾದಿಸುತ್ತಿದ್ದೇನೆ. ಮೊದಲ ಸಾಲಿನಲ್ಲೇ ‘ನಿಮಗೆ ಔಷಧ ನಿರೋಧಕ ಕ್ಷಯ ಇದೆ’ ಎಂದು ಬರೆದೆ. ಕರಡು ಓದಿದ ನಮ್ಮ ಚಿಕ್ಕಪ್ಪ ಕನ್ನಡಕ ತೆಗೆದು ಕೇಳಿದರು: “ಅಂದರೆ ಇವರ ಮೈಗೆ ಔಷಧ ಒಗ್ಗುವುದಿಲ್ಲ ಎಂದೇ?”

ಅವರ ತಪ್ಪಲ್ಲ. ‘ರೋಗನಿರೋಧಕ ಶಕ್ತಿ’ ಎಂಬಲ್ಲಿ ನಿರೋಧಿಸುವುದು ನಮ್ಮ ದೇಹ; ಕಿವಿ ಅದಕ್ಕೇ ಪಳಗಿದೆ. ಇಲ್ಲಿಯೋ, ನಿರೋಧಿಸುವುದು ರೋಗಾಣು. ‘ಜಲನಿರೋಧಕ’ದಂತೆ ಸಮಾಸವೇನೋ ಸರಿಯಾಗಿಯೇ ಇದೆ, ಆದರೆ ಕೆಮ್ಮುತ್ತಿರುವವರು ಸಮಾಸ ಬಿಡಿಸುತ್ತ ಕೂರುವುದಿಲ್ಲ. ಮೈಗೆ ಒಗ್ಗದೆಂದು ನಡುವೆಯೇ ಮಾತ್ರೆ ಬಿಟ್ಟರೆ ರೋಗಾಣು ಇನ್ನಷ್ಟು ಬಲಿಯುತ್ತದೆ.

‘ಮದ್ದಿಗೆ ಬಗ್ಗದ ಕ್ಷಯ’ ಎಂದು ತಿದ್ದಿ ನೋಡಿದೆ. ಕೇಳಲು ಹಿತ, ಆದರೆ ಇನ್ನು ಗತಿಯೇ ಇಲ್ಲವೆಂಬ ಧ್ವನಿ ಬಂತು. ‘ಬಹು ಔಷಧ ನಿರೋಧಕ’ ಎಂಬುದು ಇನ್ನೂ ಹೆದರಿಸುತ್ತದೆ. ಆ ‘ಬಹು’ವಿನ ಲೆಕ್ಕ ಶುರುವಾಗುವುದು ಕ್ಷಯದ ಎರಡು ಮುಖ್ಯ ಮದ್ದುಗಳಿಂದ: ಐಸೊನಿಯಾಜಿಡ್, ರಿಫಾಂಪಿಸಿನ್. ಇವೆರಡಕ್ಕೂ ರೋಗಾಣು ಜಗ್ಗದಿದ್ದರೆ ಆ ಹೆಸರು ಬೀಳುತ್ತದೆ. ಬೇರೆ ಮದ್ದುಗಳು ಇದ್ದೇ ಇವೆ. ಹಿಂದೆ ಚಿಕಿತ್ಸೆ 18ರಿಂದ 20 ತಿಂಗಳು ಎಳೆಯುತ್ತಿತ್ತು, ಚುಚ್ಚುಮದ್ದಿನಿಂದ ಕೆಲವರ ಕಿವಿಯೇ ಮಂದವಾಗುತ್ತಿತ್ತು. ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಮಾತ್ರೆಗಳ ಆರು ತಿಂಗಳ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಇಷ್ಟೆಲ್ಲ ಇರುವಾಗ ‘ಬಗ್ಗದ’ ಎಂದು ಬರೆಯಲು ಕೈ ಬರುತ್ತಿಲ್ಲ.

ಇನ್ನೊಂದು ಸಣ್ಣ ತೊಡಕು. ವರ್ಷಕ್ಕೆ ಲಕ್ಷ ಜನರಲ್ಲಿ ಹತ್ತಕ್ಕಿಂತ ಕಡಿಮೆ ಹೊಸ ರೋಗಿಗಳಿರುವ ದೇಶವನ್ನು ಏನೆನ್ನೋಣ? ‘ಅಪರೂಪದ ಕ್ಷಯದ ದೇಶ’ ಎಂದರೆ ಕ್ಷಯವೇ ಯಾವುದೋ ವಿಚಿತ್ರ ಬಗೆಯದು ಎನಿಸುತ್ತದೆ. ಅಲ್ಲಿನ ವೈದ್ಯರು ಇಂಥ ಒಬ್ಬ ರೋಗಿಯನ್ನೂ ಕಂಡಿರದೆ ಇರಬಹುದು. ಹಾಗಾಗಿ ದೂರದ ತಜ್ಞರನ್ನು ಕೇಳಿ ಮದ್ದು ನಿರ್ಧರಿಸುತ್ತಾರೆ. ಅದಕ್ಕೆ ‘ತಜ್ಞರ ಸಮಾಲೋಚನೆ’ ಸಾಕು, ಅಲ್ಲಿ ನನಗೆ ತಕರಾರಿಲ್ಲ.

ಸದ್ಯ ‘ಕೆಲವು ಮದ್ದುಗಳಿಗೆ ಜಗ್ಗದ ರೋಗಾಣುವಿನ ಕ್ಷಯ’ ಎಂದು ಬರೆದಿಟ್ಟಿದ್ದೇನೆ. ಅರ್ಥ ಕೆಡುವುದಿಲ್ಲ, ಆದರೆ ಮುಖಪುಟದಲ್ಲಿ ಎರಡು ಸಾಲು ನುಂಗುತ್ತದೆ. ‘ಕೆಲವು’ ಮತ್ತು ‘ರೋಗಾಣು’ ಎರಡನ್ನೂ ಉಳಿಸಿಕೊಂಡ ಚಿಕ್ಕ ಪದ ಯಾರಿಗಾದರೂ ಹೊಳೆಯುತ್ತದೆಯೇ? ‘ಜಗ್ಗದ’ಕ್ಕಿಂತ ‘ಮಣಿಯದ’ ವಾಸಿಯೇ?