ನೀರು, ಕರೆಂಟು ಎರಡೂ ಉಳಿಸಬೇಕು ಅಂದರೆ ಮೊದಲು ಯಾವುದಕ್ಕೆ ಕೈ ಹಾಕಬೇಕು?

ಹನಿಗೂಡು:
ಎಲ್ಲರಿಗೂ ನಮಸ್ಕಾರ. ಹವಾಮಾನ ಬದಲಾವಣೆ ಬಗ್ಗೆ ಓದಿದಷ್ಟೂ ಸಲಹೆಗಳು ಬೆಳೆಯುತ್ತಲೇ ಇವೆ. ಗಿಡ ನೆಡಿ, ಲೈಟ್ ಆರಿಸಿ, ಚಾರ್ಜರ್ ಕಿತ್ತಿಡಿ, ಸೋಲಾರ್ ಹಾಕಿಸಿ, ನಲ್ಲಿ ನಿಲ್ಲಿಸಿ ಹಲ್ಲುಜ್ಜಿ. ಎಲ್ಲವೂ ಒಂದೇ ತೂಕದ ಕೆಲಸ ಅನ್ನುವ ಹಾಗೆ ಹೇಳುತ್ತಾರೆ. ನಮ್ಮದು ಸ್ವಂತ ಮನೆ, 100 ಚದರ ಮೀಟರ್ ತಾರಸಿ ಇದೆ, ಬೋರ್‌ವೆಲ್ ನೀರು ವರ್ಷದಿಂದ ವರ್ಷಕ್ಕೆ ಕೆಳಗೆ ಹೋಗುತ್ತಿದೆ, ಕೈಯಲ್ಲಿರುವ ದುಡ್ಡು ಒಂದೆರಡು ಕೆಲಸಕ್ಕೆ ಸಾಕಾಗಬಹುದು ಅಷ್ಟೆ. ಅಣ್ಣನ ಹತ್ತಿರ ಸ್ವಲ್ಪ ಭತ್ತದ ಗದ್ದೆಯೂ ಇದೆ. ನೀರು, ಕರೆಂಟು, ಹೊಗೆ ಮೂರಕ್ಕೂ ಒಟ್ಟಿಗೆ ಉಪಯೋಗ ಆಗುವಂಥದ್ದು ಯಾವುದು? ಇದರ ಬಗ್ಗೆ ಗೊತ್ತಿರುವವರು ಲೆಕ್ಕ ಸಮೇತ ಹೇಳಿ. "ನಾವೊಬ್ಬರು ಮಾಡಿ ಏನಾಗುತ್ತೆ" ಅಂತ ಮನೆಯಲ್ಲೇ ಕೇಳುತ್ತಾರೆ, ಅದಕ್ಕೂ ಒಂದು ಉತ್ತರ ಬೇಕು.

ಮೋಟಾರ್‌ಮನೆ:
ದುಡ್ಡು ಖರ್ಚು ಮಾಡುವ ಮೊದಲು ಸೋರಿಕೆ ನೋಡಿ. ರಾತ್ರಿ ಮಲಗುವಾಗ ಮೇಲಿನ ಟ್ಯಾಂಕಿನ ಮಟ್ಟಕ್ಕೆ ಒಂದು ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ಮುಟ್ಟುವ ಮುಂಚೆ ಮತ್ತೆ ನೋಡಿ. ಇಳಿದಿದ್ದರೆ ಎಲ್ಲೋ ಹೋಗುತ್ತಿದೆ ಅಂತ ಅರ್ಥ. ಸಾಮಾನ್ಯವಾಗಿ ಕಳ್ಳ ಇರುವುದು ಫ್ಲಶ್ ಟ್ಯಾಂಕಿನಲ್ಲಿ. ಅದಕ್ಕೆ ಸ್ವಲ್ಪ ಅಡುಗೆ ಬಣ್ಣ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಟ್ಟು ಕಮೋಡಿನೊಳಗೆ ನೋಡಿ. ಬಣ್ಣ ಇಳಿದಿದ್ದರೆ ಒಳಗಿನ ರಬ್ಬರ್ ಸವೆದಿದೆ. ಜೋರಾಗಿ ಸೋರಿದರೆ ದಿನಕ್ಕೆ ನೂರಾರು ಲೀಟರ್ ಹೋಗುತ್ತೆ, ಸದ್ದೂ ಬರಲ್ಲ. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ತೂತು ಬಿದ್ದ ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಇನ್ನು ನೀರು, ಕರೆಂಟು ಬೇರೆ ಬೇರೆ ಅಂದುಕೊಳ್ಳಬೇಡಿ. 1000 ಲೀಟರ್ ನೀರನ್ನು 100 ಮೀಟರ್ ಆಳದಿಂದ ಎತ್ತುವುದಕ್ಕೆ ಏನೂ ನಷ್ಟವಿಲ್ಲದಿದ್ದರೂ 0.27 ಯೂನಿಟ್ ಬೇಕು. ಪಂಪು, ಪೈಪು ತಿನ್ನುವುದನ್ನೂ ಸೇರಿಸಿದರೆ ಅರ್ಧ ಯೂನಿಟ್ ದಾಟುವುದು ಸುಲಭ. ಮಟ್ಟ 200 ಮೀಟರ್‌ಗೆ ಇಳಿದರೆ ಅದು ಎರಡರಷ್ಟು. ಕಲ್ಲಿದ್ದಲಿನ ಕರೆಂಟಾದರೆ ಒಂದು ಯೂನಿಟ್‌ಗೆ ಹೆಚ್ಚುಕಮ್ಮಿ ಒಂದು ಕೆಜಿ ಇಂಗಾಲದ ಡೈಆಕ್ಸೈಡ್. ಹಾಗಾಗಿ ನಿಮ್ಮ ಬೋರ್‌ವೆಲ್ ಮಟ್ಟ ಇಳಿದಂತೆಲ್ಲ ಕರೆಂಟ್ ಬಿಲ್ಲೂ ಏರುತ್ತೆ, ಹೊಗೆಯೂ ಏರುತ್ತೆ.

ಬೆಚ್ಚಗೆ:
ಮೇಲಿನವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ, ಬಿಸಿನೀರು. ಮನೆಯ ಕರೆಂಟು ಅಂದಕೂಡಲೇ ಎಲ್ಲರೂ ಲೈಟ್ ಬಗ್ಗೆ ಮಾತಾಡುತ್ತಾರೆ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 50ಕ್ಕೆ ಕಾಯಿಸಲು ಸುಮಾರು 2.9 ಯೂನಿಟ್ ಬೇಕು. ಅಷ್ಟೇ ಕರೆಂಟಿನಲ್ಲಿ 9 ವಾಟ್‌ನ ಎಲ್‌ಇಡಿ ಬಲ್ಬ್ 300 ಗಂಟೆಗಿಂತ ಜಾಸ್ತಿ ಉರಿಯುತ್ತೆ. ಸುಮ್ನೆ ಸಿಕ್ಕಿಸಿಟ್ಟ ಒಳ್ಳೆ ಚಾರ್ಜರ್ ಎಳೆಯುವುದು 0.1 ವಾಟ್ ಆಸುಪಾಸು, ಅಂದರೆ ವರ್ಷಕ್ಕೆ ಒಂದು ಯೂನಿಟ್ಟೂ ಇಲ್ಲ. ಗೀಸರ್ ಒಂದೇ ದಿನದಲ್ಲಿ ಮೂರು ಚಾರ್ಜರ್‌ಗಳ ವರ್ಷದ ಲೆಕ್ಕವನ್ನು ಮುಗಿಸುತ್ತೆ. ಆ ಸಲಹೆ ಕೊಡುವವರು ಗೀಸರ್ ಬಗ್ಗೆ ಬಾಯೇ ಬಿಡುವುದಿಲ್ಲ, ಅದೇ ನನಗೆ ಬೇಜಾರು.

ಬಿಸಿಲು ಚೆನ್ನಾಗಿ ಬೀಳುವ ತಾರಸಿ ಇದ್ದರೆ ಸೋಲಾರ್ ವಾಟರ್ ಹೀಟರ್. ಜಾಗ ಇಲ್ಲದಿದ್ದರೆ ಹೀಟ್ ಪಂಪ್, ಅದು ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಕೊಡುತ್ತೆ, ಸುತ್ತಲಿನ ಗಾಳಿಯ ಬಿಸಿಯನ್ನೇ ಎಳೆದುಕೊಳ್ಳುವುದರಿಂದ. ಸೋಲಾರ್ ಹಾಕಿಸುವಾಗ ಒಂದು ವಿಷಯ ಯಾರೂ ಹೇಳಲ್ಲ. ತಾರಸಿಯಿಂದ ಬಚ್ಚಲಿನ ತನಕ ಪೈಪಿನಲ್ಲಿ ನಿಂತ ತಣ್ಣೀರು ಹೋಗುವವರೆಗೂ ನಾವು ನಲ್ಲಿ ಬಿಟ್ಟು ಕಾಯುತ್ತೇವೆ. 20 ಮಿ.ಮೀ. ಒಳ ಅಳತೆಯ ಪೈಪ್ 20 ಮೀಟರ್ ಇದ್ದರೆ ಅದರೊಳಗೆ 6 ಲೀಟರ್‌ಗಿಂತ ಜಾಸ್ತಿ ನೀರಿರುತ್ತೆ. ಪ್ರತಿ ಸ್ನಾನಕ್ಕೂ ಅಷ್ಟು ಚರಂಡಿಗೆ. ಟ್ಯಾಂಕನ್ನು ಬಚ್ಚಲಿನ ನೇರ ಮೇಲೆ ಇಡಿಸಿ, ಬಿಸಿನೀರಿನ ಪೈಪಿಗೆ ಫೋಮ್ ಸುತ್ತಿಸಿ, ಮೊದಲ ನೀರಿಗೆ ಒಂದು ಬಕೆಟ್ ಇಡಿ.

ಎಸಿ ಇದ್ದರೆ ಇನ್ನೊಂದು ಮಾತು. ಹಳೆಯದನ್ನು ಗುಜರಿಗೆ ಹಾಕುವ ಮುಂಚೆ ಒಳಗಿನ ಗ್ಯಾಸನ್ನು ಸಿಲಿಂಡರಿಗೆ ಹಿಡಿಸಿಕೊಳ್ಳಲು ಮೆಕ್ಯಾನಿಕ್‌ಗೆ ಹೇಳಿ. ತುಂಬಾ ಯಂತ್ರಗಳಲ್ಲಿರುವ ಆರ್-410ಎ ಅನ್ನುವ ಗ್ಯಾಸು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 2000 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತೆ. ಗಾಳಿಗೆ ಬಿಟ್ಟರೆ ಮುಗಿಯಿತು.

ತಾರಸಿತೊಟ್ಟಿ:
100 ಚದರ ಮೀಟರ್ ಇಟ್ಟುಕೊಂಡು ಮಳೆ ನೀರು ಬಿಡುತ್ತಿದ್ದೀರಿ ಅಲ್ವಾ? ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ವರ್ಷಕ್ಕೆ 800 ಮಿ.ಮೀ. ಬೀಳುವ ಜಾಗವಾದರೆ ನಿಮ್ಮ ತಾರಸಿಗೆ ಬೀಳುವುದು 80,000 ಲೀಟರ್. ಆವಿಯಾಗುವುದು, ಚೆಲ್ಲುವುದು ಎಲ್ಲ ಕಳೆದು ನೂರಕ್ಕೆ 80 ಭಾಗ ಹಿಡಿದರೂ 64,000 ಲೀಟರ್ ಸಿಗುತ್ತೆ. ಎತ್ತುವ ಖರ್ಚೂ ಇಲ್ಲ, ಆಗಲೇ ಮೇಲಿದೆ.

ಮಾಡುವಾಗ ಜನ ಎಡವುವುದು ಎರಡು ಕಡೆ. ಒಂದು, ಮೊದಲ ಮಳೆಯ ಕೊಳೆ. ಧೂಳು, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತೆ, ಮೊದಲ ಒಂದೆರಡು ಮಿ.ಮೀ., ಅಂದರೆ ನಿಮಗೆ 100ರಿಂದ 200 ಲೀಟರ್ ಹೊರಗೆ ಹೋಗುವ ಹಾಗೆ ಬೇರೆ ಪೈಪು, ವಾಲ್ವು ಇರಲೇಬೇಕು. ಎರಡು, ನೇರವಾಗಿ ಬೋರ್‌ವೆಲ್ ಕೇಸಿಂಗ್‌ಗೆ ನೀರು ಬಿಡುವುದು. ದಯವಿಟ್ಟು ಬೇಡ. ಜಲ್ಲಿ, ಮರಳು ತುಂಬಿದ ಇಂಗುಗುಂಡಿ ಮೂಲಕವೇ ಬಿಡಿ, ಅದು ಟಾಯ್ಲೆಟ್ ಗುಂಡಿಯಿಂದ ದೂರ ಇರಲಿ. ಒಮ್ಮೆ ಅಂತರ್ಜಲ ಕೆಟ್ಟರೆ ಸರಿಮಾಡುವುದು ನಮ್ಮ ನಿಮ್ಮ ಕೈಲಿ ಆಗಲ್ಲ, ಅಕ್ಕಪಕ್ಕದವರು ಕುಡಿಯುವುದೂ ಅದೇ ನೀರು. ಬಟ್ಟೆ ಒಗೆದ ನೀರನ್ನು ಇಂಗುಗುಂಡಿಗೆ ಬಿಡಬೇಡಿ. ಮಳೆ ನೀರನ್ನು ತೊಟ್ಟಿಯಲ್ಲಿ ಕೂಡಿಡುವುದಾದರೆ ಅದರೊಳಗೆ ಬೆಳಕು ಬೀಳಬಾರದು, ಸೊಳ್ಳೆ ಹೋಗದ ಹಾಗೆ ಜಾಲರಿ ಬೇಕು.

ಕೆಸರುಗಾಲು:
ಅಣ್ಣನ ಗದ್ದೆ ಬಗ್ಗೆ ಯಾರೂ ಮಾತಾಡಲಿಲ್ಲ. ಪ್ರಪಂಚದಲ್ಲಿ ನದಿ, ಕೆರೆ, ನೆಲದಿಂದ ತೆಗೆಯುವ ಸಿಹಿನೀರಿನಲ್ಲಿ ಸುಮಾರು 70% ಕೃಷಿಗೇ ಹೋಗುತ್ತೆ. ಮನೆಯ ನಲ್ಲಿಯಲ್ಲಿ ಉಳಿಸಿದ್ದಕ್ಕಿಂತ ಅಲ್ಲಿ ಉಳಿಸುವುದಕ್ಕೆ ಅವಕಾಶ ಜಾಸ್ತಿ.

ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿಗೆ ಗಾಳಿ ಸಿಗಲ್ಲ, ಆಗ ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಹುಟ್ಟಿಸುತ್ತವೆ. 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟು ಬಿಸಿ ಮಾಡುವ ಅನಿಲ. ಅದಕ್ಕೆ ದಾರಿ ನೀರು ಕಟ್ಟಿ, ಆರಿಸಿ, ಮತ್ತೆ ಕಟ್ಟುವುದು. 30 ಸೆಂ.ಮೀ. ಉದ್ದದ ಪಿವಿಸಿ ಪೈಪ್ ತುಂಡಿನ ಕೆಳಭಾಗಕ್ಕೆಲ್ಲ ತೂತು ಕೊರೆದು ಮಣ್ಣಿನಲ್ಲಿ ಹೂತು, ಒಳಗಿನ ಕೆಸರು ತೆಗೆಯಬೇಕು. ಆಗ ಮಣ್ಣಿನ ಕೆಳಗೆ ನೀರು ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತೆ. ಮಣ್ಣಿನ ಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿದ ಮೇಲೆ ನೀರು ಹಾಯಿಸಿದರೆ ಸಾಕು, ಬೇರು ಅಲ್ಲಿಯವರೆಗೂ ಹುಡುಕಿಕೊಂಡು ಹೋಗುತ್ತೆ. ನಾಟಿ ಮಾಡಿದ ಮೊದಲ ಎರಡು ವಾರ ಕಳೆ ತಡೆಯಲು ನೀರು ನಿಲ್ಲಿಸಿ, ಹೂ ಬಿಡುವ ಹೊತ್ತಿನಲ್ಲೂ ಆರಿಸಬೇಡಿ. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರ ಲೆಕ್ಕದಲ್ಲಿ 30% ತನಕ ನೀರು ಉಳಿಯುತ್ತೆ, ಮೀಥೇನ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತೆ.

ಆದರೆ ಉಳಿದ ನೀರಿನಲ್ಲಿ ಇನ್ನಷ್ಟು ಜಾಗಕ್ಕೆ ಬೆಳೆ ಹಾಕಿದರೆ ಅಂತರ್ಜಲಕ್ಕೆ ಏನೂ ಉಳಿಯಲ್ಲ. ಹನಿ ನೀರಾವರಿ ಬಂದ ಎಷ್ಟೋ ಕಡೆ ಆದದ್ದು ಇದೇ. ಇದನ್ನು ಅಣ್ಣನ ಹತ್ತಿರ ಮೊದಲೇ ಮಾತಾಡಿ.

ಬಿಸಿಲುಪಟ್ಟಿ:
"ನಾವೊಬ್ಬರು ಮಾಡಿ ಏನಾಗುತ್ತೆ" ಅನ್ನುವುದಕ್ಕೆ ನನ್ನ ಉತ್ತರ. 2010ರಿಂದ 2020ರ ನಡುವೆ ಸೋಲಾರ್ ಪ್ಯಾನಲ್ ಬೆಲೆ ಸುಮಾರು 90% ಇಳಿಯಿತು. ಸರ್ಕಾರಗಳ ಸಹಾಯಧನ, ಜನ ಕೊಂಡದ್ದು, ಅದರಿಂದ ಕಾರ್ಖಾನೆಗಳು ದೊಡ್ಡದಾದದ್ದು, ಎಲ್ಲ ಸೇರಿ ಇಳಿಸಿದವು. ಒಬ್ಬರೇ ಮಾಡಿದ್ದಲ್ಲ, ಆದರೆ ಕೊಳ್ಳುವವರು ಇಲ್ಲದಿದ್ದರೆ ಆಗುತ್ತಲೂ ಇರಲಿಲ್ಲ. ಓಝೋನ್ ವಿಷಯವೂ ಹಾಗೇ, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ದೇಶಗಳು ಸೇರಿ ಓಝೋನ್ ಪದರ ಹಾಳುಮಾಡುವ ಗ್ಯಾಸುಗಳನ್ನು ಬಹುತೇಕ ನಿಲ್ಲಿಸಿದವು, ಪದರ ಚೇತರಿಸಿಕೊಳ್ಳುತ್ತಿದೆ. ಹಾಗಂತ ಮನೆಯಲ್ಲಿ ಮಾತ್ರ ಮಾಡಿ ಸುಮ್ಮನಾಗಬೇಡಿ. ಬೀದಿಯಲ್ಲಿ ಪೈಪ್ ಒಡೆದರೆ ದೂರು ಕೊಡಿ, ಸರಿಯಾಗುವ ತನಕ ಬೆನ್ನು ಹತ್ತಿ.

ಪ್ಯಾನಲ್‌ನಿಂದ ನೀರೂ ಉಳಿಯುತ್ತೆ. ಕಲ್ಲಿದ್ದಲು ಸ್ಥಾವರಗಳಿಗೆ ಹಬೆ ತಣಿಸಲು ರಾಶಿ ರಾಶಿ ನೀರು ಬೇಕು, ಪ್ಯಾನಲ್‌ಗೆ ಧೂಳು ಒರೆಸುವಷ್ಟು ಇದ್ದರೆ ಸಾಕು.

ಹನಿಗೂಡು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಣ್ಣ ಹಾಕಿ ನೋಡಿದೆ, ಎರಡರಲ್ಲಿ ಒಂದು ಫ್ಲಶ್ ಸೋರುತ್ತಿದೆ. ಈ ವಾರ ಅದನ್ನು ಸರಿಮಾಡಿಸುತ್ತೇನೆ, ಮಳೆ ಶುರುವಾಗುವ ಮುಂಚೆ ಇಂಗುಗುಂಡಿ, ಆಮೇಲೆ ದುಡ್ಡು ಉಳಿದರೆ ಸೋಲಾರ್ ಹೀಟರ್. ಅಣ್ಣ ಒಂದು ಗದ್ದೆಯಲ್ಲಿ ಮಾತ್ರ ಪೈಪ್ ಹೂತು ನೋಡುತ್ತೇನೆ ಅಂದ. ತಾರಸಿತೊಟ್ಟಿಯವರೇ, ಇಳಿಯುವ ಪೈಪ್ ಎಷ್ಟು ದಪ್ಪ ಇರಬೇಕು?

ತಾರಸಿತೊಟ್ಟಿ:
ಗಂಟೆಗೆ 100 ಮಿ.ಮೀ. ಸುರಿಯುವ ಭಾರೀ ಮಳೆ ಅಂತ ಇಟ್ಟುಕೊಳ್ಳಿ, ನಿಮ್ಮ ತಾರಸಿಯಿಂದ ಸೆಕೆಂಡಿಗೆ 2.8 ಲೀಟರ್ ಇಳಿಯುತ್ತೆ. ನೆಟ್ಟಗೆ ಇಳಿಯುವ 110 ಮಿ.ಮೀ. ಪೈಪ್ ಒಂದಕ್ಕೇ ಅದನ್ನು ತಾಳುವ ಶಕ್ತಿ ಇದೆ. ಆದರೂ ಎರಡು ಕಡೆ ಹಾಕಿಸಿ, ಒಂದಕ್ಕೆ ಎಲೆ ಕಟ್ಟಿಕೊಂಡರೆ ತಾರಸಿ ಮೇಲೆ ನೀರು ನಿಲ್ಲಲ್ಲ. ಎರಡರ ಬಾಯಿಗೂ ಜಾಲರಿ ಮರೆಯಬೇಡಿ.