ಪದಚರ್ಚೆ: ಪಹಣಿಯ ‘ಖಾತೆದಾರ’ ಅಂದರೆ ಮಾಲಕನೇ?

ಗೆಳೆಯರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯ ಜಮೀನಿನ ಕಾಗದಗಳಲ್ಲಿ ಬರುವ ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಸುಮ್ನೆ ಕುತೂಹಲಕ್ಕೆ ಕೇಳ್ತಿಲ್ಲ. ಅಣ್ಣನ ಮಗ ಮಸ್ಕತ್‌ನಲ್ಲಿದ್ದಾನೆ. ಮನೆ ಕಟ್ಟಲು ಅಂಕೋಲಾ ಕಡೆ ಒಂದು ಜಾಗ ನೋಡಿದ್ದಾನೆ. ಮಾರುವವರು ಪಹಣಿಯ (ಆರ್‌ಟಿಸಿ, ಅಂದರೆ ಜಮೀನಿನ ಕಂದಾಯ ದಾಖಲೆ) ಫೋಟೊ ಕಳಿಸಿದರು. ಅವನು ಅದನ್ನು ಫೋನಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಓದಿಕೊಂಡು, “ಚಿಕ್ಕಪ್ಪ, ಓನರ್ ಹೆಸರು ಸರಿ ಇದೆ. ಅಡ್ವಾನ್ಸ್ ಹಾಕ್ಲಾ?” ಅಂತ ಕೇಳಿದ. ಸ್ವಲ್ಪ ತಡಿ ಅಂದೆ. ಆ ‘ಓನರ್’ ಎಲ್ಲಿಂದ ಬಂದ ಅನ್ನುವುದೇ ನನ್ನ ಮೊದಲ ಪ್ರಶ್ನೆ.

ಪಹಣಿಯ 9ನೇ ಕಾಲಮಿನ ಹೆಸರನ್ನು ನಾವು ಮೂರು ಪದಗಳಲ್ಲಿ ಹೇಳುತ್ತೇವೆ. ಕಬ್ಜೇದಾರ, ಸ್ವಾಧೀನದಾರ, ಖಾತೆದಾರ. ಕಬ್ಜೆ ಅಂದರೆ ವಶ. ಸ್ವಾಧೀನ ಅಂದರೂ ಅದೇ. ಖಾತೆ ಅಂದರೆ ಲೆಕ್ಕ. ಕಂದಾಯದ ಲೆಕ್ಕ ಯಾರ ಹೆಸರಿನಲ್ಲಿ ಇದೆಯೋ ಅವರು ಖಾತೆದಾರ. ಈ ಮೂರರಲ್ಲಿ ಒಂದಕ್ಕೂ ಮಾಲಕ ಅನ್ನುವ ಅರ್ಥ ಇಲ್ಲ. ಕಾಯ್ದೆಯೂ ಹಾಗೇ ನೋಡುತ್ತದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ, ಪಹಣಿಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿ ಅಂತ ತಿಳಿಯಬೇಕು, ಅಷ್ಟೇ. ಹಕ್ಕು ಹುಟ್ಟುವುದು ಖರೀದಿ ಪತ್ರದಿಂದ, ಹಿಸ್ಸೆಯಿಂದ (ಪಾಲು), ಬಕ್ಷೀಸ್ ಪತ್ರದಿಂದ (ದಾನಪತ್ರ), ವಾರಸಾದಿಂದ (ಉತ್ತರಾಧಿಕಾರ), ಇಲ್ಲವೇ ಭೂ ನ್ಯಾಯಮಂಡಳಿಯ ಆದೇಶದಿಂದ. ಪಹಣಿಗೆ ಹೆಸರು ಬರುವುದು ಅದರ ಹಿಂದಿನಿಂದ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳಿದೆ.

ಹೀಗಿರುವಾಗ ‘ಖಾತೆದಾರ’ ಪದಕ್ಕೆ ಓನರ್ ಅಂತ ಅರ್ಥ ಕೊಡುವುದು ತಪ್ಪು ಅಂತ ನನ್ನ ಅಭಿಪ್ರಾಯ. ಊರಲ್ಲಿ ಕೂತವನಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ಅವನು ನಾಲ್ಕು ಜನರನ್ನು ಕೇಳುತ್ತಾನೆ. ಪಕ್ಕದ ತೋಟದವರು, “ಅದು ಇನ್ನೂ ಅಣ್ಣ ತಮ್ಮಂದಿರ ನಡುವೆ ಹಿಸ್ಸೆ ಆಗಿಲ್ಲ ಮಾರಾಯ್ರೇ” ಅಂದುಬಿಡುತ್ತಾರೆ. ದೂರದೇಶದಲ್ಲಿ ಇರುವವನ ಕೈಯಲ್ಲಿ ಇರುವುದು ಆ ಒಂದು ಪದ ಮಾತ್ರ.

ಇನ್ನೊಂದು ಮಾತು. ಅಪ್ಪಟ ಕನ್ನಡದ ‘ಒಡೆಯ’ ನಾನು ನೋಡಿದ ಯಾವ ಕಂದಾಯದ ಕಾಗದದಲ್ಲೂ ಇಲ್ಲ. ‘ಉಳುವವನೇ ಹೊಲದೊಡೆಯ’ ಅಂತ ಘೋಷಣೆಯಲ್ಲಿ ಬಂತು, ಪಹಣಿಗೆ ಬರಲಿಲ್ಲ. ನಿಮ್ಮ ಮನೆಯ ಹಳೆಯ ಕಾಗದಗಳಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ಈಗ ‘ಬಿನ್’. ಇದು ನನಗೆ ತುಂಬ ಇಷ್ಟವಾದ ಪದ. ‘ರಾಮ ಬಿನ್ ತಿಮ್ಮ’ ಅಂದರೆ ತಿಮ್ಮನ ಮಗ ರಾಮ. ಈ ಬಿನ್ ಅರಬ್ಬಿಯದು. ‘ಬಿನ್ ಶೇತ್ಕಿ’ ಅಂದಾಗ ಬರುವ ಬಿನ್ ಬೇರೆ. ಅದು ಮರಾಠಿಯ ಕಡೆಯಿಂದ ಬಂದದ್ದು, ‘ಇಲ್ಲದ’ ಅಂತ ಅರ್ಥ. ಶೇತ್ ಅಂದರೆ ಹೊಲ. ಬಿನ್ ಶೇತ್ಕಿ ಅಂದರೆ ಬೇಸಾಯಕ್ಕಲ್ಲದ ಜಾಗ. ಈಗ ಎಲ್ಲರೂ ‘ಎನ್.ಎ. ಆಗಿದೆ’ ಅನ್ನುತ್ತಾರೆ. ಸರ್ಕಾರಿ ಕನ್ನಡದಲ್ಲಿ ‘ಕೃಷಿಯೇತರ’, ‘ಭೂಪರಿವರ್ತನೆ’. ಹೀಗೆ ಒಂದೇ ಕಾಗದದಲ್ಲಿ ಎರಡು ಬಿನ್ ಇರಬಹುದು, ಒಂದಕ್ಕೊಂದು ಸಂಬಂಧವೇ ಇಲ್ಲ.

ಹೊರದೇಶದಲ್ಲಿ ಇರುವವರು ಹುಡುಕಬೇಕಾದದ್ದು ಈ ಎರಡನೆಯ ಬಿನ್ ಅನ್ನು. 1999ರ ಫೆಮಾ (ವಿದೇಶಿ ವಿನಿಮಯ ನಿರ್ವಹಣಾ) ಕಾಯ್ದೆಯ ಕೆಳಗಿನ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರಾಗಲಿ, ಓಸಿಐ ಕಾರ್ಡು ಇರುವ, ವಿದೇಶಿ ಪೌರರಾದ ಭಾರತ ಮೂಲದವರಾಗಲಿ ಇಲ್ಲಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಖರೀದಿಸುವಂತಿಲ್ಲ. ಅಪ್ಪ ಅಮ್ಮನಿಂದ ವಾರಸಾ ಬಂದರೆ ಅಡ್ಡಿ ಇಲ್ಲ. ಮನೆ, ಅಂಗಡಿ, ಎನ್.ಎ. ಆದ ಸೈಟು ಕೊಳ್ಳಬಹುದು. 2020ರಲ್ಲಿ ಕರ್ನಾಟಕ ಸರ್ಕಾರ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿಕರಲ್ಲದವರು, ಹೆಚ್ಚು ಆದಾಯದವರು ಕೃಷಿ ಜಮೀನು ಕೊಳ್ಳದಂತೆ ತಡೆಯುತ್ತಿದ್ದ 79ಎ, 79ಬಿ ಕಲಮುಗಳನ್ನು ತೆಗೆಯಿತು. ಆಮೇಲೆ ‘ಯಾರು ಬೇಕಾದರೂ ಜಮೀನು ತಗೊಳ್ಳಬಹುದು’ ಅನ್ನುವ ಮಾತು ಎಲ್ಲ ಕಡೆ ಹಬ್ಬಿತು. ಅದು ರಾಜ್ಯದ ಕಾಯ್ದೆ. ಫೆಮಾ ಕೇಂದ್ರದ್ದು, ಅದು ಹಾಗೇ ಇದೆ. ನಮ್ಮ ಹುಡುಗನಿಗೆ ಕಳಿಸಿದ ಪಹಣಿಯಲ್ಲಿ ಇದ್ದದ್ದು ‘ಬಾಗಾಯ್ತು’. ಫೋನು ಅದನ್ನು ಗಾರ್ಡನ್ ಅಂತ ತೋರಿಸಿತು. ಮನೆಮುಂದಿನ ಹೂದೋಟ ಅಂತ ಅವನು ತಿಳಿದ. ಬಾಗಾಯ್ತು ಅಂದರೆ ತೆಂಗು, ಅಡಿಕೆಯ ತೋಟ, ಅಂದರೆ ಕೃಷಿ ಜಮೀನು. ಎನ್.ಎ. ಆಗದೆ ಅವನ ಹೆಸರಿಗೆ ಬರುವಂತಿಲ್ಲ. ತರಿ, ಖುಷ್ಕಿ ಅಂತ ಇದ್ದರೂ ಇದೇ ಮಾತು. ತರಿ ಒದ್ದೆ, ಖುಷ್ಕಿ ಒಣ. ಎರಡೂ ಪಾರಸಿ.

ಇಷ್ಟೊಂದು ಮರಾಠಿ ಪದ ನಮ್ಮಲ್ಲಿ ಯಾಕೆ ಅಂತ ಹೊಸಬರು ಕೇಳಬಹುದು. 1862ರಲ್ಲಿ ನಮ್ಮ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹಾಗಾಗಿ ಅವರ ಕಾಗದದ ಭಾಷೆಯೇ ಬೇರೆ. ಭಟ್ಕಳ ದಾಟಿ ಬೈಂದೂರಿಗೆ ಹೋದರೆ ಗುಂಟೆ ಹೋಗಿ ಸೆಂಟ್ಸ್ ಬರುತ್ತದೆ. ಎಕರೆಗೆ 40 ಗುಂಟೆ, ಆದರೆ 100 ಸೆಂಟ್ಸ್. ನಮ್ಮ ಪಹಣಿಯಲ್ಲಿ 0-20 ಅಂದರೆ 20 ಗುಂಟೆ, ಅರ್ಧ ಎಕರೆ. ಅದನ್ನೇ 0.20 ಅಂತ ಓದಿದರೆ ಎಕರೆಯ ಐದನೇ ಒಂದು ಪಾಲು ಆಗಿಬಿಡುತ್ತದೆ. ಗುಂಟೆಯ ಮುಂದೆ ಮೂರನೆಯ ಅಂಕಿ ಇದ್ದರೆ ಅದು ಆಣೆ. 16 ಆಣೆಗೆ ಒಂದು ಗುಂಟೆ, ಗುಂಟೆಗೆ 1,089 ಚದರ ಅಡಿ. ಲೆಕ್ಕದ ಚುಕ್ಕಿಗೂ ಪಹಣಿಯ ಗೆರೆಗೂ ಇರುವ ಈ ವ್ಯತ್ಯಾಸವನ್ನು ಯಾವ ಯಂತ್ರವೂ ಅವನಿಗೆ ಹೇಳಲಿಲ್ಲ.

‘ಪೋಟ್ ಖರಾಬು’ ನೋಡಿ. ಕೆಲವರು ‘ಫೂಟ್ ಖರಾಬು’ ಅಂತ ಬರೆಯುತ್ತಾರೆ, ಅಡಿಗಳ ಲೆಕ್ಕ ಅಂದುಕೊಳ್ಳುತ್ತಾರೆ. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಾಠಿಯಲ್ಲೂ ಕೊಂಕಣಿಯಲ್ಲೂ ಪೋಟ್ ಅಂದರೆ ಹೊಟ್ಟೆ. ಸರ್ವೆ ನಂಬರಿನ ಹೊಟ್ಟೆಯೊಳಗೆ ಇರುವ, ಸಾಗುವಳಿಗೆ ಬಾರದ ಜಾಗ ಅದು. ಇದರಲ್ಲಿ ಎರಡು ಬಗೆ. ‘ಅ’ ಖರಾಬು ಬಂಡೆ, ಕಣ, ಮನೆ ಇರುವ ಜಾಗದಂಥದ್ದು, ಹಿಡುವಳಿಯೊಳಗೇ ಇರುತ್ತದೆ. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಅದು ಸರ್ಕಾರದ್ದು, ಮಾರಲು ಬರುವುದಿಲ್ಲ. ಹುಡುಗ ನೋಡಿದ ಜಾಗದಲ್ಲಿ 20 ಗುಂಟೆ 8 ಆಣೆ ಒಟ್ಟು, ಅದರಲ್ಲಿ 4 ಗುಂಟೆ ‘ಬ’ ಖರಾಬು. ಉಳಿದದ್ದು ಹದಿನಾರೂವರೆ ಗುಂಟೆ. ದರ ಹೇಳಿದ್ದು ಮಾತ್ರ ಇಪ್ಪತ್ತೂವರೆಗೆ. ಒಂದು ‘ಬ’ ಅಕ್ಷರದ ಮೇಲೆ ಇಷ್ಟು ದುಡ್ಡು ನಿಂತಿದೆ. ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು, ಕಂದಾಯ ತೋರಿಸುವ ಸರ್ವೆ ದಾಖಲೆ) ತೆಗೆಸಿ ಪಹಣಿಯ ಜೊತೆ ಹೊಂದಿಸಿ ನೋಡು ಅಂತ ಹೇಳಿದ್ದೇನೆ. ಅಲ್ಲಿಯ ‘ಆಕಾರ’ಕ್ಕೂ ಜಾಗದ ರೂಪಕ್ಕೂ ಸಂಬಂಧ ಇಲ್ಲ. ಅದು ಕಂದಾಯದ ದರ.

ಇನ್ನು ‘ಅ.ಪಾ.ಕ.’. ಹಳೆಯ ಹಕ್ಕು ಬದಲಾವಣೆಯ ನೋಂದುಗಳಲ್ಲಿ ಹೆಸರಿನ ಪಕ್ಕ ಸಣ್ಣದಾಗಿ ಬರುತ್ತದೆ. ಓದುವವರು ಹಾರಿಸಿಬಿಡುತ್ತಾರೆ. ಅಜ್ಞಾನ ಪಾಲನಕರ್ತ ಅನ್ನುವುದರ ಚುಟುಕು ಅದು. ಅಜ್ಞಾನ ಅಂದರೆ ಇಲ್ಲಿ ತಿಳಿವಳಿಕೆ ಇಲ್ಲದವನಲ್ಲ, ಇನ್ನೂ ವಯಸ್ಸಿಗೆ ಬಾರದ ಮಗು. ಆ ಮಗುವಿನ ಹೆಸರಿನ ಆಸ್ತಿಯನ್ನು ಪೋಷಕರು ಕೋರ್ಟಿನ ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆ ಹೇಳುತ್ತದೆ. ಮಾರಿದ್ದರೆ, ಮಗು 18 ತುಂಬಿದ ಮೇಲೆ ಮೂರು ವರ್ಷದೊಳಗೆ ದಾವೆ ಹಾಕಬಹುದು. ಆದ್ದರಿಂದ ಈ ಮೂರು ಅಕ್ಷರ ಕಂಡರೆ ಆ ಮಗು ಈಗ ಎಲ್ಲಿದೆ, ಸಹಿ ಹಾಕಿದೆಯೇ ಅಂತ ಕೇಳಲೇಬೇಕು.

‘ಮೂಲಗೇಣಿ’ಯನ್ನು ಬೇಗ ಹೇಳಿ ಮುಗಿಸುತ್ತೇನೆ. ಮೂಲ ಅಂತ ಇದೆ ಅಂದಮಾತ್ರಕ್ಕೆ ಮೂಲ ಒಡೆತನ ಅಲ್ಲ. ಕಾಯಂ ಗೇಣಿ ಅಷ್ಟೇ. ಬಿಡಿಸಬಹುದಾದ ಗೇಣಿ ‘ಚಾಲಗೇಣಿ’. ಭೂಸುಧಾರಣಾ ಕಾಯ್ದೆಯಿಂದ 1974ರ ಮಾರ್ಚ್ 1ಕ್ಕೆ ಗೇಣಿಯ ಕೃಷಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಗೇಣಿದಾರರು ಹಕ್ಕು ಕೇಳುವ ಅರ್ಜಿ ಫಾರ್ಮ್ 7 ಕೊಟ್ಟು, ಆದೇಶ ಆದ ಮೇಲೆ ಹಕ್ಕಿನ ಪ್ರಮಾಣಪತ್ರ ಫಾರ್ಮ್ 10 ಪಡೆದರು. ಗೇಣಿಯ ಹಿನ್ನೆಲೆ ಇರುವ ಜಾಗಕ್ಕೆ ಆ ಫಾರ್ಮ್ 10 ಕೇಳಿ ನೋಡಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಗೆಳೆಯರಿಗೆ ಒಂದು ಬೇರೆ ಪ್ರಶ್ನೆ. ನಮ್ಮ ‘ಬೆಟ್ಟ’ಕ್ಕೆ ಹೊರಗಿನವರಿಗೆ ತಿಳಿಯುವ ಹಾಗೆ ಏನು ಅರ್ಥ ಬರೆಯೋಣ? ತೋಟ ಮಾರುವಾಗ ‘ಇಷ್ಟು ಎಕರೆ ಬೆಟ್ಟ ಸೇರಿ’ ಅನ್ನುವುದು ರೂಢಿ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಅಂತ ಬಿಟ್ಟುಕೊಟ್ಟದ್ದುಂಟು. ನಮಗೆ ಇರುವುದು ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು. ನೆಲ ಸರ್ಕಾರದ್ದು. ದೂರದಲ್ಲಿ ಓದುವವನಿಗೆ ಅದು ‘ಹತ್ತು ಎಕರೆ ಗುಡ್ಡದ ಆಸ್ತಿ’ ಆಗಿ ಕಾಣುತ್ತದೆ. ‘ಸೊಪ್ಪಿನ ಹಕ್ಕಿನ ಕಾಡು, ಮಾರಾಟಕ್ಕಿಲ್ಲ’ ಅಂತ ಬರೆಯೋಣ ಅಂತ ನನ್ನ ಸಲಹೆ. ‘ಹಕ್ಕು’ ಅನ್ನುವುದು ಜಾಸ್ತಿ ಆಯಿತು, ‘ಸವಲತ್ತು’ ಸಾಕು ಅನ್ನುವವರೂ ಇರಬಹುದು. ಹೇಳಿ.

ಹಾಗೆಯೇ ಹಳಿಯಾಳ, ಮುಂಡಗೋಡ ಕಡೆಯವರು ಪಹಣಿಗೆ ‘ಉತಾರ’ ಅಂತಲೂ, 11ನೇ ಕಾಲಮಿನ ಸಾಲಕ್ಕೆ ‘ಬೋಜಾ’ ಅಂತಲೂ ಹೇಳುವುದನ್ನು ಕೇಳಿದ್ದೇನೆ. ಸೊಸೈಟಿ ಸಾಲ ತೀರಿದ ಮೇಲೆ ಆ ನಮೂದು ತೆಗೆಸುವುದಕ್ಕೆ ನಿಮ್ಮಲ್ಲಿ ಏನಂತಾರೆ? ಹೊನ್ನಾವರ, ಕುಮಟಾದವರೂ ತಮ್ಮ ಮಾತು ತಿಳಿಸಿ. ಪದ, ಅದು ಇರುವ ವಾಕ್ಯ, ಕಾಗದದ ಅಂದಾಜು ವರ್ಷ ಮತ್ತು ತಾಲೂಕು ಇಷ್ಟು ಬರೆದರೆ ಸಾಕು. ಕಾಗದದ ಫೋಟೊ ಹಾಕುವುದಾದರೆ ಹೆಸರು, ಸರ್ವೆ ನಂಬರು ಮುಚ್ಚಿ ಹಾಕಿ.