ಯುಗಾದಿ, ಮಾವು, ವಾಕಿಂಗು, ಮಹಡಿ ತೋಟ... ಶುಗರ್ ಇರೋರು ಹೇಗೆ ನಿಭಾಯಿಸ್ತೀರಿ?

ಬನಶಂಕರಿ ಹೊಸಬಳು:
ಎಲ್ರಿಗೂ ನಮಸ್ಕಾರ. ನಂಗೆ 46, ಬೆಂಗಳೂರು. ನವೆಂಬರಲ್ಲಿ ಸುಮ್ನೆ ಚೆಕಪ್ ಅಂತ ಹೋದೋಳಿಗೆ ಶುಗರ್ ಇದೆ ಅಂದ್ರು, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತಪರೀಕ್ಷೆ) 8.4. ಮೆಟ್‌ಫಾರ್ಮಿನ್ ಗ್ಲಿಮಿಪಿರೈಡ್ ಎರಡೂ ಸೇರಿರೋ ಮಾತ್ರೆ ಬೆಳಗ್ಗೆ ಸಂಜೆ ತಗೋತಿದೀನಿ. ಚಳಿಗಾಲ ಹೇಗೋ ಕಳೀತು, ಈಗ ಯುಗಾದಿ ಬಂತು, ಅದರ ಹಿಂದೇನೇ ರಾಮನವಮಿ ಪಾನಕ, ಆಮೇಲೆ ಮಾವು ಹಲಸು. ನಮ್ಮತ್ತೆ "ಬೆಲ್ಲದ್ದಲ್ವೇನೇ, ಏನೂ ಆಗಲ್ಲ ತಿನ್ನು" ಅಂತಾರೆ, ನಮ್ಮೆಜಮಾನ್ರು ನನ್ನ ತಟ್ಟೆ ಕಡೆ ಪೊಲೀಸ್ ಥರ ನೋಡ್ತಾರೆ, ಇವರಿಬ್ಬರ ಮಧ್ಯೆ ನಾನು. ಸಂಜೆ ವಾಕಿಂಗ್ ಶುರು ಮಾಡಿದೀನಿ, ಟೆರೇಸ್ ಮೇಲೆ ಒಂದು ಹತ್ತು ಕುಂಡ ಇದೆ. ಈ ಕಾಲಾನ ಬರೀ ನೋಡ್ಕೊಂಡು ಕೂರೋಕೆ ಇಷ್ಟ ಇಲ್ಲ. ಪುಸ್ತಕದ್ದು ಬೇಡ, ನೀವು ಹೇಗೆ ಮಾಡ್ತೀರಿ ಅಂತ ಹೇಳಿ ಪ್ಲೀಸ್.

ಮೈಸೂರು ಮೇಷ್ಟ್ರು:
ಹದಿನೇಳು ವರ್ಷದ ಶುಗರ್ ನಂದು, ಆ ಲೆಕ್ಕದಲ್ಲಿ ಹದಿನೇಳು ಯುಗಾದಿ ದಾಟಿದೀನಮ್ಮ. ಮೊದಲನೇ ಎರಡು ವರ್ಷ ಒಬ್ಬಟ್ಟು ಮುಟ್ಟಲೇ ಇಲ್ಲ, ಅದರ ಸಿಟ್ಟನ್ನೆಲ್ಲ ಅನ್ನ ಸಾರಿನ ಮೇಲೆ ತೀರಿಸ್ಕೊಂಡು ಮಧ್ಯಾಹ್ನ ಶುಗರ್ 260 ನೋಡಿದ್ದೂ ಉಂಟು, ಅಂದ್ರೆ ತ್ಯಾಗಾನೂ ಮಾಡಿ ಫಲಾನೂ ಇಲ್ಲ.

ಮೂರನೇ ವರ್ಷ ನಮ್ಮನೆಯವಳನ್ನ ಅಡುಗೆಮನೇಲಿ ಕೂರಿಸ್ಕೊಂಡು ಲೆಕ್ಕ ಹಾಕ್ದೆ, ರಿಟೈರಾದ ಗಣಿತದ ಮೇಷ್ಟ್ರು ಇನ್ನೇನು ಮಾಡ್ತಾನೆ. 200 ಗ್ರಾಂ ತೊಗರಿಬೇಳೆ, 200 ಗ್ರಾಂ ಬೆಲ್ಲ, ಕಣಕಕ್ಕೆ 150 ಗ್ರಾಂ ಮೈದಾ, ಅದರಲ್ಲಿ ಅವಳು ತಟ್ಟೋದು ಹನ್ನೆರಡು ಒಬ್ಬಟ್ಟು. ಬೆಲ್ಲನೇ ಒಂದೊಂದಕ್ಕೆ 16-17 ಗ್ರಾಂ ಆಯ್ತು, ಬೇಳೆದು ಮೈದಾದು ಪಿಷ್ಟ ಸೇರಿಸಿದ್ರೆ ಒಂದು ಒಬ್ಬಟ್ಟಲ್ಲಿ ಹತ್ತಿರ ಹತ್ತಿರ 35 ಗ್ರಾಂ ಕಾರ್ಬು. ಎರಡು ಸಣ್ಣ ಫುಲ್ಕಕ್ಕಿಂತ ಒಂದು ತೂಕ ಜಾಸ್ತಿನೇ. ಹಬ್ಬದ ದಿನ ಎರಡು ಒಬ್ಬಟ್ಟು, ಮೇಲೆ ಮಾವಿನಕಾಯಿ ಚಿತ್ರಾನ್ನ, ಮೇಲೆ ಒಬ್ಬಟ್ಟಿನ ಸಾರಿಗೆ ಅನ್ನ ಅಂದ್ರೆ ಪಾಪ ಆ ಮಾತ್ರೆ ಏನ್ ಮಾಡ್ಬೇಕು ಹೇಳಿ.

ಈಗ ನಮ್ಮನೇಲಿ ಅದೇ ಹಿಟ್ಟಲ್ಲಿ ಇಪ್ಪತ್ನಾಲ್ಕು ತಟ್ತಾರೆ, ಅಂಗೈಯಷ್ಟು. ಊಟಕ್ಕೆ ಕೂತ್ರೆ ಮೊದಲು ಹೆಸರುಬೇಳೆ ಕೋಸಂಬರಿ ಒಂದು ಬಟ್ಟಲು ಪೂರ್ತಿ, ಆಮೇಲೆ ಪಲ್ಯ, ಆಮೇಲೆ ಎರಡು ಸಣ್ಣ ಒಬ್ಬಟ್ಟು, ಚಿತ್ರಾನ್ನ ಬರೀ ಎರಡು ಚಮಚ ರುಚಿಗೆ. ಅನ್ನ ಆವತ್ತು ರಜ. ಎದ್ದು ಕೈ ತೊಳೆದವನು ಮಂಚದ ಕಡೆ ನೋಡಲ್ಲ, ಹದಿನೈದು ನಿಮಿಷ ಹಜಾರದಲ್ಲೇ ಆ ಗೋಡೆಯಿಂದ ಈ ಗೋಡೆಗೆ ನಡೀತೀನಿ. ಹೊರಗಡೆ ಬಿಸಿಲು, ಅದಕ್ಕೆ ಒಳಗೇ. ಊಟ ಆದ ತಕ್ಷಣ ಸ್ವಲ್ಪ ನಡೆದ್ರೆ ಆ ಊಟದ ಶುಗರ್ ಅಷ್ಟು ಮೇಲೆ ಏರಲ್ಲ, ನಾನು ಮೀಟರ್ ಹಿಡ್ಕೊಂಡು ನೋಡಿದೀನಿ, ನಡೆದ ದಿನ ನಡೆಯದ ದಿನ ಮೂವತ್ತು ನಲವತ್ತು ಪಾಯಿಂಟ್ ವ್ಯತ್ಯಾಸ ನಂಗೆ. ನಿಮಗೆ ಎಷ್ಟು ಅಂತ ನೀವೇ ನೋಡ್ಕೋಬೇಕು.

ನಿಮ್ಮತ್ತೆಯವರಿಗೆ ಹೇಳಿ, ಬೆಲ್ಲ ಅಂದ್ರೂ ಹೆಚ್ಚುಕಮ್ಮಿ ಪೂರ್ತಿ ಸಕ್ಕರೆನೇ, ಬಣ್ಣ ಬೇರೆ ಅಷ್ಟೇ. ಬೇವು ಬೆಲ್ಲ ಒಂದು ಚಿಟಿಕೆಗೆ ಏನೂ ಆಗಲ್ಲ, ಅದಕ್ಕೆ ಜಗಳ ಬೇಡ. ಪಾನಕ ಮಾತ್ರ ಲೋಟಗಟ್ಲೆ ಬೇಡ, ದ್ರವ ಆದ್ದರಿಂದ ಸಿಕ್ಕಾಪಟ್ಟೆ ಬೇಗ ಏರುತ್ತೆ. ಒಂದು ಉದ್ಧರಣೆ ತೀರ್ಥದ ಥರ ತಗೊಳ್ಳಿ, ನೀರುಮಜ್ಜಿಗೆ ಎರಡು ಲೋಟ ಕುಡೀರಿ.

ಪೇಢೆಪ್ರಿಯ ಧಾರವಾಡ:
ಮೇಷ್ಟ್ರು ತಾಟಿನ ಲೆಕ್ಕ ಹೇಳ್ಯಾರ, ನಾ ವಾಕಿಂಗಿಂದು ಹೇಳ್ತೇನ್ರಿ ಅಕ್ಕಾರ, ಯಾಕಂದ್ರ ನೀವು ತಗೊಳ್ಳೂ ಗುಳಿಗಿನ ನಾನೂ ತಗೋತಿದ್ದೆ. ಆ ಗ್ಲಿಮಿಪಿರೈಡ್ ಐತಲ್ಲ, ಅದು ಹೊಟ್ಟಿಗೆ ಕೂಳು ಹಾಕಿದ್ರೂ ಹಾಕಲಿಕ್ರೂ ಶುಗರ್ ಇಳಸ್ತದ.

ಹೋದ ವರ್ಷ ಯುಗಾದಿ ಮರುದಿನ. ಹಿಂದಿನ ದಿನ ಹೋಳ್ಗಿ ಜಾಸ್ತಿ ಆತು ಅಂತ ಪಶ್ಚಾತ್ತಾಪಕ್ಕ ಸಂಜಿ ಗುಳಿಗಿ ನುಂಗಿ, ಊಟ ಆಮ್ಯಾಲೆ ಮಾಡಿದ್ರಾತು ಅಂತ ಕೆಲಗೇರಿ ಕೆರಿ ಕಡೆ ಹೊಂಟೆ. ಅರ್ಧ ತಾಸು ನಡದಿರಬೇಕು, ಮೈಯೆಲ್ಲಾ ಬೆವರು. ಮಾರ್ಚ್ ತಿಂಗಳು, ಬೆವರೂದು ಏನ್ ಹೊಸಾದು ಅಂತ ಮತ್ತ ನಡದೆ. ಕೈ ಸಣ್ಣಗ ನಡಗಾಕ ಹತ್ತಿತು, ಎದುರಿಗೆ ಬಂದ ಪರಿಚಯದವ್ರ ಹೆಸರ ನೆನಪಾಗವಲ್ದು, ಅವ್ರು "ಯಾಕ್ರಿ ಹಿಂಗ್ಯಾಕ ನಿಂತೀರಿ" ಅಂದ್ರೂ ನನಗ ಸಿಟ್ಟ ಬಂತು. ಅವ್ರ ಕೈ ಹಿಡದು ಗಾಡಿ ಹತ್ರ ಕರಕೊಂಡು ಹೋಗಿ ಒಂದು ಗ್ಲಾಸ್ ಕಬ್ಬಿನಹಾಲು ಕುಡಿಸಿದ್ರು. ನಾಲ್ಕು ವರ್ಷದಿಂದ ಆ ಗಾಡಿ ಕಡೆ ಮಾರಿ ತಿರುಗಿಸಿ ನಡದವ ನಾನು! ಮನಿಗೆ ಬಂದು ನೋಡಿದ್ರ 94, ಅಂದ್ರ ಕುಡಿಯೂ ಮೊದಲ ಎಷ್ಟಿತ್ತೋ ಆ ಬಸವಣ್ಣಗ ಗೊತ್ತು.

ಹೇಳೂದು ಏನಂದ್ರ, ಬ್ಯಾಸಗಿ ಬೆವರು ಲೋ ಶುಗರ್ ಬೆವರು ನೋಡಾಕ ಒಂದ ಥರ ಇರ್ತಾವ. ಅನುಮಾನ ಬಂದ್ರ ನಡೀಬ್ಯಾಡ್ರಿ, ಕುಂಡ್ರ್ರಿ, ಮೀಟರ್ ಇದ್ರ ನೋಡ್ರಿ, ಇಲ್ಲಂದ್ರ ನೋಡೂ ತನಕ ಕಾಯಬ್ಯಾಡ್ರಿ. 70ರ ಕೆಳಗ ಇದ್ರ ಮೂರು ಚಮಚ ಗ್ಲೂಕೋಸ್ ಪುಡಿ ನೀರಾಗ ಕಲಸಿ, ಅಂದ್ರ 15 ಗ್ರಾಂ ಆಗಬೇಕು, 15 ನಿಮಿಷ ಬಿಟ್ಟು ಮತ್ತ ನೋಡೂದು, ಏರಿಲ್ಲಂದ್ರ ಮತ್ತೊಮ್ಮಿ. ಏರಿದ ಮ್ಯಾಲೆ ಊಟ. ಇದಕ್ಕ ಪೇಢಾ ನಡಿಯೂದಿಲ್ಲ ಮತ್ತ (ನಾನ ಕೇಳೇನಿ ಡಾಕ್ಟರ್‌ನ), ಅದರಾಗ ಹಾಲಿನ ಜಿಡ್ಡು ಇರ್ತದ, ಸಕ್ರಿ ರಕ್ತಕ್ಕ ಮುಟ್ಟೂದು ತಡ ಆಗ್ತದ. ಬಾಳ ಬ್ಯಾಸರಾತು ಕೇಳಿ. ಗುಳಿಗಿ ಡೋಸ್ ನೀವ ಕಡಿಮಿ ಮಾಡಬ್ಯಾಡ್ರಿ, ವಾಕಿಂಗ್ ಸುರು ಮಾಡೇನಿ ಅಂತ ಡಾಕ್ಟರ್ಗೆ ಹೇಳ್ರಿ, ನನಗ ಅವರ ಬದಲಿ ಮಾಡಿಕೊಟ್ರು.

ಕಟ್ಟುನಿಟ್ಟು:
ಇಷ್ಟೆಲ್ಲಾ ಲೆಕ್ಕ ಯಾಕೆ, ಮಾವಿನಹಣ್ಣು ಮನೆಗೇ ತರಬೇಡಿ, ಮುಗೀತು. ನಾನು ಹತ್ತು ವರ್ಷದಿಂದ ತಿಂದಿಲ್ಲ.

ಮೈಸೂರು ಮೇಷ್ಟ್ರು:
ನಿಮ್ಮ ಮನಸ್ಸು ಗಟ್ಟಿ, ಒಪ್ಪಿದೆ. ನನ್ನದು ಅಷ್ಟಿಲ್ಲ, ಮೇ ತಿಂಗಳಲ್ಲಿ ರಸಪುರಿ ಬಂತು ಅಂದ್ರೆ ಬೀದಿ ತುಂಬಾ ವಾಸನೆ. ಕಾಲು ಕೆಜಿ ತೂಗೋ ಹಣ್ಣಲ್ಲಿ ಸಿಪ್ಪೆ ವಾಟೆ ತೆಗೆದ್ರೆ 150 ಗ್ರಾಂ ತಿರುಳು ಸಿಗುತ್ತೆ, 100 ಗ್ರಾಂ ತಿರುಳಿಗೆ ಸುಮಾರು 15 ಗ್ರಾಂ ಕಾರ್ಬು. ಊಟ ಮುಗಿಸಿ ಒಂದು ಇಡೀ ಹಣ್ಣು ತಿಂದ ದಿನ, ತಿಂದು ಎರಡು ಗಂಟೆ ಆದ್ಮೇಲೆ ನಂದು 246. ಅದೇ ಅರ್ಧ ಹಣ್ಣು ಬೆಳಗ್ಗೆ ಹನ್ನೊಂದಕ್ಕೆ, ಊಟದ ಜೊತೆ ಅಲ್ಲ, ಒಂದು ಹಿಡಿ ಹುರಿದ ಕಡ್ಲೇಕಾಯಿ ಬೀಜದ ಜೊತೆ ತಿಂದ ದಿನ 148. ಸೀಕರಣೆ ಮಾತ್ರ ನಾನೂ ಬಿಟ್ಟಿದೀನಿ, ಹಿಂಡಿ ಸಕ್ಕರೆ ಹಾಕಿದ್ಮೇಲೆ ಎಷ್ಟು ಹಣ್ಣು ಹೊಟ್ಟೆಗೆ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ.

ಮಹಡಿ ತೋಟ ಸಾಗರ:
ಅಕ್ಕಾ, ಹಣ್ಣು ಆಗೋಕೆ ಮುಂಚೆ ಕಾಯಿ ಕಾಲ ಅಂತ ಒಂದಿದೆ, ಅದನ್ನ ಯಾರೂ ಹೇಳ್ತಾನೇ ಇಲ್ಲ! ನಮ್ಮ ಕಡೆ ಈಗ ಅಪ್ಪೆಹುಳಿ ದಿನಾ. ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ಉಪ್ಪು ಹಸಿಮೆಣಸು, ಮೇಲೆ ಸಾಸಿವೆ ಇಂಗಿನ ಒಗ್ಗರಣೆ, ಬೆಲ್ಲ ಹಾಕೋದು ಬಿಟ್ರಾಯ್ತು, ಮಧ್ಯಾಹ್ನ ಲೋಟದಲ್ಲಿ ಕುಡಿದ್ರೆ ಕಣ್ಣು ತಂಪಾಗುತ್ತೆ. ಹಲಸಿನ ಹಣ್ಣಿಗೆ ಆಸೆ ಆದ್ರೆ ನಾನು ಎರಡು ತೊಳೆಗೆ ನಿಲ್ಲಿಸ್ತೀನಿ, ಆದರೆ ಎಳೆ ಹಲಸಿನಕಾಯಿ ಪಲ್ಯ ಹೊಟ್ಟೆ ತುಂಬಾ. ಮಿಡಿ ಉಪ್ಪಿನಕಾಯಿ ಬಗ್ಗೆ ಮಾತ್ರ ಹುಷಾರು, ಶುಗರ್‌ಗಲ್ಲ, ಬಿಪಿ ಇದ್ರೆ ಉಪ್ಪು.

ಇನ್ನು ತೋಟ. ನಿಮ್ಮ ಹತ್ತು ಕುಂಡಕ್ಕೆ ಮೆಂತ್ಯ ಹಾಕಿ, ಅಗಲದ ಟ್ರೇ ಸಾಕು, ಇಪ್ಪತ್ತೈದು ದಿನದೊಳಗೆ ಸೊಪ್ಪು ಕೀಳಬಹುದು. ಬಸಳೆ ಒಂದು ತುಂಡು ನೆಟ್ರೆ ಅದೇ ಹಬ್ಬುತ್ತೆ, ಒಂದೆಲಗ ನೆರಳಲ್ಲಿಡಿ, ತಂಬುಳಿಗಾಗುತ್ತೆ. ಆದರೆ ನಾನು ಬರೆಯೋಕೆ ಕೂತಿದ್ದು ಗಿಡದ ವಿಷಯಕ್ಕಲ್ಲ, ಕಾಲಿನ ವಿಷಯಕ್ಕೆ. ಮೂರು ವರ್ಷದ ಹಿಂದೆ ನಿಂಬೆ ಗಿಡ ಸವರ್ತಾ ಇದ್ದೆ, ಬರಿಗಾಲು, ಹುಟ್ಟಿದಾಗಿಂದ ಮಣ್ಣಲ್ಲಿ ಬರಿಗಾಲಲ್ಲೇ ಓಡಾಡಿದೋಳು ನಾನು. ಸಂಜೆ ಮೊಮ್ಮಗಳು "ಅಜ್ಜಿ ನೆಲದ ಮೇಲೆ ಕುಂಕುಮ ಚೆಲ್ಲಿದೀಯಾ" ಅಂದ್ಲು. ನೋಡಿದ್ರೆ ಅಡುಗೆಮನೆಯಿಂದ ದೇವರಮನೆವರೆಗೆ ಚುಕ್ಕಿ ಚುಕ್ಕಿ, ನನ್ನ ಹಿಮ್ಮಡಿದೇ ರಕ್ತ. ಅರ್ಧ ಇಂಚಿನ ಮುಳ್ಳು ಒಳಗೆ ಕೂತಿದೆ, ನಂಗೆ ಒಂಚೂರೂ ನೋವಿಲ್ಲ! ಅದು ಮಾಯೋಕೆ ಐದು ವಾರ ಹಿಡೀತು, ದಿನ ಬಿಟ್ಟು ದಿನ ಡ್ರೆಸ್ಸಿಂಗು. ಆಮೇಲೆ ಡಾಕ್ಟ್ರು ನೈಲಾನ್ ದಾರದಂಥದ್ದರಲ್ಲಿ ಅಂಗಾಲು ಒತ್ತಿ ಒತ್ತಿ ಗೊತ್ತಾಗುತ್ತಾ ಅಂತ ಕೇಳಿದ್ರು, ಐದಾರು ಕಡೆ ನಂಗೆ ಗೊತ್ತೇ ಆಗ್ಲಿಲ್ಲ, ಶುಗರ್‌ಗೆ ಕಾಲಿನ ನರ ಮರಗಟ್ಟಿತ್ತು. ಆ ಪರೀಕ್ಷೆ ವರ್ಷಕ್ಕೊಂದ್ಸಲ ಕೇಳಿ ಮಾಡಿಸ್ಕೊಳ್ಳಿ.

ಈಗ ತೋಟಕ್ಕೆ ಮುಚ್ಚಿದ ಶೂ, ಹಾಕೋಕೆ ಮುಂಚೆ ಕೊಡವಿ, ಕೈಗೆ ಗ್ಲೌಸು. ರಾತ್ರಿ ಮಲಗೋಕೆ ಮುಂಚೆ ಕನ್ನಡಿ ನೆಲದ ಮೇಲಿಟ್ಟು ಅಂಗಾಲು ನೋಡ್ಕೋತೀನಿ, ಮನೆಯವರು ನಗ್ತಾರೆ, ನಗಲಿ. ಏಪ್ರಿಲ್ ಮಧ್ಯಾಹ್ನ ಟೆರೇಸ್ ಮೇಲೆ ಬರಿಗಾಲು ಇಡಲೇಬೇಡಿ, ದೇವಸ್ಥಾನದ ಕಲ್ಲುಹಾಸಿನ ಪ್ರದಕ್ಷಿಣೆನೂ ಅಷ್ಟೇ, ಸುಟ್ಟು ಬೊಬ್ಬೆ ಬಂದ್ಮೇಲೆ ಗೊತ್ತಾಗೋದು. ಬೆಳಗ್ಗೆ ಬೇಗ ಹೋಗಿ ಅಥವಾ ಸಾಕ್ಸ್ ಹಾಕ್ಕೊಳ್ಳಿ, ದೇವರು ಏನೂ ಅನ್ನಲ್ಲ. ಮತ್ತೆ ಮಣ್ಣು ಅಗೆಯೋದು, ನೀರು ಹೊರೋದು ಎಲ್ಲಾ ವ್ಯಾಯಾಮನೇ, ಧಾರವಾಡದವರು ಹೇಳಿದ ಲೋ ಶುಗರ್ ತೋಟದಲ್ಲೂ ಬರುತ್ತೆ, ಖಾಲಿ ಹೊಟ್ಟೇಲಿ ಗುದ್ದಲಿ ಹಿಡೀಬೇಡಿ.

ಹಸಿರೇ ಉಸಿರು:
ಕುಂಡದಲ್ಲಿ ಇನ್ಸುಲಿನ್ ಗಿಡ ಹಾಕಿ ಮೇಡಂ, ದಿನಾ ಎರಡು ಎಲೆ ಅಗಿದ್ರೆ ಮಾತ್ರೆನೇ ಬೇಡ, ನಮ್ಮ ಪರಿಚಯದವರು ಬಿಟ್ಟೇಬಿಟ್ರು.

ಮಹಡಿ ತೋಟ ಸಾಗರ:
ನಮ್ಮ ಪಕ್ಕದ ಮನೆಯವರೂ ಬಿಟ್ಟಿದ್ರು ಸ್ವಾಮಿ, ಮೂರು ತಿಂಗಳಾದ್ಮೇಲೆ 400ರ ಮೇಲೆ ಹೋಗಿ ಆಸ್ಪತ್ರೆ ಸೇರಿದ್ರು. ಗಿಡ ನಮ್ಮನೇಲೂ ಇದೆ, ಹೂವು ಚೆನ್ನಾಗಿರುತ್ತೆ ಅಂತ ಇಟ್ಟಿದೀನಿ. ಅದರಲ್ಲಿ ಇನ್ಸುಲಿನ್ ಇಲ್ಲ, ಹೆಸರಷ್ಟೇ. ಹಾಗಲಕಾಯಿನೂ ಹಾಗೇ, ಗೊಜ್ಜು ಮಾಡಿ ತಿನ್ನಿ, ಮಾತ್ರೆ ಜಾಗಕ್ಕೆ ಕೂರಿಸ್ಬೇಡಿ. ಅಕ್ಕಾ, ಏನೇ ಎಲೆ ಬೇರು ಕಷಾಯ ತಗೊಂಡ್ರೂ ಡಾಕ್ಟ್ರಿಗೆ ಹೇಳಿ.

ಕಲಬುರಗಿ ಬಿಸಿಲು:
ನಮ್ಮಲ್ಲಿ ಏಪ್ರಿಲ್ ಅಂದ್ರ 40 ಡಿಗ್ರಿ, ವಸಂತ ಅಂತ ಕ್ಯಾಲೆಂಡರ್‌ನಾಗ ಓದೂದಷ್ಟ. ಎರಡು ಮಾತು. ನೀರು ಕಡಿಮಿ ಆದ್ರ ಏನೂ ತಿನ್ನದ ಇದ್ರೂ ಶುಗರ್ ಏರ್ತದ, ಅದಕ್ಕ ಬಾಟ್ಲಿ ಬಿಡಬ್ಯಾಡ್ರಿ, ಅದರಾಗೂ ಡಾಪಾಗ್ಲಿಫ್ಲೋಜಿನ್ ಥರದ ಗುಳಿಗಿ ತಗೊಳ್ಳೋರು, ಅದು ಮೂತ್ರದಾಗ ಸಕ್ರಿ ಹೊರಗ ಹಾಕ್ತದ, ಜೋಡಿ ನೀರೂ ಹೋಗ್ತದ. ಮೀಟರ್ ಪಟ್ಟಿ, ಇನ್ಸುಲಿನ್ ಪೆನ್ ಗಾಡಿಯೊಳಗ ಬಿಟ್ಟು ಇಳೀಬ್ಯಾಡ್ರಿ. ನಮ್ಮ ತಂದೆಯವರ ಪೆನ್ ಕರೆಂಟ್ ಹೋದಾಗ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಒದ್ದಿ ಮಡಕಿಯೊಳಗ ಇಡ್ತೇವಿ. ಫ್ರಿಜ್ ಇದ್ರ ಬಾಗಲದಾಗ ಇಡ್ರಿ, ಐಸ್ ಪೆಟ್ಟಿಗಿಯೊಳಗ ಅಲ್ಲ, ಹೆಪ್ಪುಗಟ್ಟಿದ್ದು ಕೆಲಸಕ್ಕ ಬರೂದಿಲ್ಲ.

ಬನಶಂಕರಿ ಹೊಸಬಳು:
ಎಲ್ರಿಗೂ ಥ್ಯಾಂಕ್ಸ್, ಹಬ್ಬ ಮುಗೀತು, ವರದಿ ಒಪ್ಪಿಸ್ತಿದೀನಿ. ಬೆಳಗ್ಗೆ ಖಾಲಿ ಹೊಟ್ಟೇದು 118. ಮೇಷ್ಟ್ರ ಅಂಗೈ ಒಬ್ಬಟ್ಟು ಮಾಡೋಕೆ ಅತ್ತೆ ಒಪ್ಪಲಿಲ್ಲ, "ಇದೇನು ಬೊಂಬೆ ಆಟದ್ದಾ" ಅಂದ್ರು, ಆಮೇಲೆ ನಾನೇ ತಟ್ಟಿದೆ, ನೋಡಿ ನೋಡಿ ಅವರೂ ನಾಲ್ಕು ತಟ್ಟಿದ್ರು. ಕೋಸಂಬರಿ ಮೊದಲು, ಎರಡು ಒಬ್ಬಟ್ಟು, ಚಿತ್ರಾನ್ನ ಎರಡು ಅಲ್ಲ ನಾಲ್ಕು ಚಮಚ ಆಯ್ತು, ಸುಳ್ಳು ಹೇಳಲ್ಲ. ಊಟ ಆದ್ಮೇಲೆ ಎಜಮಾನ್ರೂ ನಾನೂ ನಮ್ಮ ಬೀದಿ ಕೊನೆವರೆಗೆ ಹೋಗಿಬಂದ್ವಿ, ಎರಡೂ ಕಡೆ ಹೊಂಗೆ ಹೊಸ ಎಲೆ ಬಿಟ್ಟು ತಂಪಾಗಿತ್ತು, ಇಷ್ಟು ವರ್ಷ ಇದ್ದೂ ಆ ಬೀದೀಲಿ ಎಷ್ಟು ಹೊಂಗೆ ಇದೆ ಅಂತ ಎಣಿಸಿರಲಿಲ್ಲ, ಹನ್ನೊಂದು. ಕಿಸೆಯಲ್ಲಿ ಗ್ಲೂಕೋಸ್ ಪುಡಿ ಇತ್ತು ಪೇಢೆ ಅಣ್ಣಾ, ಬೇಕಾಗ್ಲಿಲ್ಲ. ಊಟ ಆಗಿ ಎರಡು ಗಂಟೆ ಆದ್ಮೇಲೆ 171. ನಮ್ಮ ಡಾಕ್ಟ್ರು 180ರೊಳಗೆ ಇದ್ರೆ ಸರಿ ಅಂದಿದ್ರು, ಸೋ ಪಾಸ್.

ಆದರೆ ಆಮೇಲೆ ಆಗಿದ್ದು ಬೇರೆ. ಅತ್ತೆ ಪಕ್ಕದಲ್ಲೇ ಕೂತು ನೋಡ್ತಿದ್ರು, "ನಂದೂ ನೋಡೇ, ನಂಗೇನೂ ಇಲ್ಲ ಬಿಡು, ಸುಮ್ನೆ" ಅಂತ ಬೆರಳು ಚಾಚಿದ್ರು. ಹೊಸ ಸೂಜಿ ಹಾಕಿ ಚುಚ್ಚಿದೆ. 232. ಅವರು ತಿಂದಿದ್ದು ಮೂರು ದೊಡ್ಡ ಒಬ್ಬಟ್ಟು, ಅದೂ ಬೆಲ್ಲದ್ದೇ. "ಮಿಷನ್ ಕೆಟ್ಟಿದೆ" ಅಂದು ಎದ್ದು ಹೋದ್ರು, ಸಾಯಂಕಾಲದಿಂದ ಮಾತು ಕಮ್ಮಿ. ಇವರನ್ನ ಲ್ಯಾಬಿಗೆ ಹೇಗೆ ಕರ್ಕೊಂಡು ಹೋಗೋದು ಹೇಳಿ?

ಮೈಸೂರು ಮೇಷ್ಟ್ರು:
ಒಂದು ಸಲದ ಮೀಟರ್ ನೋಡಿ ಹೆದರಿಸ್ಬೇಡಿ. ಬೆಳಗ್ಗೆ ಖಾಲಿ ಹೊಟ್ಟೇದು, ಎಚ್‌ಬಿಎ1ಸಿ ಎರಡೂ ಮಾಡಿಸಿ, 126, 6.5 ಇವೆರಡರ ಗೆರೆ ದಾಟಿದ್ಯಾ ಅಂತ ಡಾಕ್ಟ್ರು ನೋಡ್ತಾರೆ. ನಮ್ಮಮ್ಮನ್ನ ನಾನು "ನನ್ನ ಜೊತೆಗೆ ಬಾ, ಒಬ್ಬನೇ ಹೋಗೋಕೆ ಬೇಜಾರು" ಅಂತ ಕರ್ಕೊಂಡು ಹೋಗಿದ್ದೆ.

ಬನಶಂಕರಿ ಹೊಸಬಳು:
ಸೋಮವಾರ ನಂದೂ ಎಚ್‌ಬಿಎ1ಸಿ ಮಾಡಿಸೋದಿದೆ ಹೇಗೂ. ಹಾಗೇ ಕೇಳ್ತೀನಿ.